ಕಿಟಕಿ ಪಕ್ಕದ ಕುಂಡ ಎಲ್ಲಿಂದ ಬಂತು? ಒಂದು ಗಾಜಿನ ಪೆಟ್ಟಿಗೆಯ ಇತಿಹಾಸ

ಭಾಗ 1/10
ನಿಮ್ಮ ಬಾಲ್ಕನಿ ಒಂದು ವರ್ಲ್ಡ್ ಮ್ಯಾಪ್

ಯುಗಾದಿ ಹತ್ತಿರ ಬಂತು. ಬೇವು ಹೂ ಬಿಟ್ಟಿದೆ, ಮಾವು ಮಿಡಿ ಕಚ್ಚಿದೆ, ಎಲ್ಲರ ಫೀಡ್‌ನಲ್ಲೂ ಹೊಸ ಕುಂಡಗಳ ಫೋಟೋ. ಅದಕ್ಕೇ ಈ ಸಲದ ಇತಿಹಾಸ ಸೀರೀಸ್ ಯಾವ ರಾಜನದ್ದೂ ಅಲ್ಲ, ಯಾವ ಯುದ್ಧದ್ದೂ ಅಲ್ಲ. ನಿಮ್ಮ ಕಿಟಕಿ ಪಕ್ಕ ಇರೋ ಗಿಡದ್ದು.

ಮೊದಲು ಒಂದು ಹಾಜರಿ ತಗೊಳ್ಳೋಣ.

ಮನಿ ಪ್ಲಾಂಟ್: ಪೆಸಿಫಿಕ್ ಸಾಗರದ ಮಧ್ಯೆ, ತಾಹಿತಿ ಪಕ್ಕದಲ್ಲಿರೋ ಮೊಓರಿಯಾ ಅನ್ನೋ ಪುಟ್ಟ ದ್ವೀಪ.
ಸ್ನೇಕ್ ಪ್ಲಾಂಟ್: ಪಶ್ಚಿಮ ಆಫ್ರಿಕಾ.
ಜೀಜೀ ಪ್ಲಾಂಟ್: ಪೂರ್ವ ಆಫ್ರಿಕಾ.
ಮಾನ್‌ಸ್ಟೆರಾ: ಮೆಕ್ಸಿಕೊ ಮತ್ತು ಮಧ್ಯ ಅಮೆರಿಕ.
ಪೀಸ್ ಲಿಲಿ: ಅಮೆರಿಕ ಖಂಡದ ಮಳೆಕಾಡುಗಳು.

ಒಂದೇ ಬಾಲ್ಕನಿಯಲ್ಲಿ ಇಷ್ಟು ದೇಶ! ನರ್ಸರಿಯವರು ನೂರೈವತ್ತು ರೂಪಾಯಿಗೆ ಕೊಟ್ಟ ಗಿಡದ ಪೂರ್ವಜರು ಸಾವಿರಾರು ಕಿಲೋಮೀಟರ್ ಸಮುದ್ರ ದಾಟಿ ಬಂದವರು. ಅದೂ ವಿಮಾನ ಇಲ್ಲದ ಕಾಲದಿಂದ ಶುರುವಾದ ಪಯಣ ಇದು. ಉಪ್ಪು ಗಾಳಿ ಸೋಕಿದ್ರೆ ಕಪ್ಪಾಗೋ ಎಲೆ, ಎರಡು ವಾರ ನೀರಿಲ್ಲದಿದ್ರೆ ಒಣಗೋ ಬೇರು. ಹೇಗೆ ಬಂತು?

ಉತ್ತರದ ದೊಡ್ಡ ಭಾಗ ಒಂದು ಗಾಜಿನ ಪೆಟ್ಟಿಗೆ. ಅದರಿಂದ ಎಷ್ಟು ಒಳ್ಳೇದಾಯ್ತು, ಎಷ್ಟು ಕೆಟ್ಟದ್ದಾಯ್ತು, ಎರಡನ್ನೂ ನೋಡೋಣ.

ಭಾಗ 2/10
ಸಾವಿರ ಹೊರಟರೆ ಒಂದು ಬರ್ತಿತ್ತು

ಗಿಡ ಬೆಳೆಸೋದು ನಮಗೇನೂ ಹೊಸದಲ್ಲ. ಸುಮಾರು 1025ರಲ್ಲಿ, ಕಲ್ಯಾಣ ಚಾಲುಕ್ಯರ ಕಾಲದಲ್ಲಿ, ಎರಡನೇ ಚಾವುಂಡರಾಯ ಬರೆದ ‘ಲೋಕೋಪಕಾರ’ ಅನ್ನೋ ಕನ್ನಡ ಗ್ರಂಥದಲ್ಲೇ ವೃಕ್ಷಾಯುರ್ವೇದಕ್ಕೆ ಜಾಗ ಇದೆ. ಅಂದ್ರೆ ಗಿಡಕ್ಕೂ ವೈದ್ಯ ಬೇಕು ಅನ್ನೋ ಯೋಚನೆ ಕನ್ನಡದಲ್ಲಿ ಸಾವಿರ ವರ್ಷ ಹಳೇದು.

ಆದ್ರೆ ಗಮನಿಸಿ, ಆ ಗಿಡಗಳೆಲ್ಲ ಹೊರಗೆ. ಅಂಗಳದಲ್ಲಿ ತುಳಸಿ ಕಟ್ಟೆ, ಹಿತ್ತಲಲ್ಲಿ ಬಸಳೆ ಚಪ್ಪರ, ಬಾವಿ ಪಕ್ಕ ಬಾಳೆ. ನಡುಮನೆಯಲ್ಲಿ, ಸೋಫಾ ಪಕ್ಕದಲ್ಲಿ, ಬರೀ ಎಲೆ ನೋಡೋಕೆ ಅಂತ ಗಿಡ ಇಡೋ ಇವತ್ತಿನ ಫ್ಯಾಷನ್‌ಗೆ ಬೇರೆ ಊರಿನ ಕಥೆ ಇದೆ. ಆ ಕಥೆಗೆ ಎರಡು ಸಮಸ್ಯೆ ಬಗೆಹರಿಯಬೇಕಿತ್ತು. ಒಂದು, ದೂರದ ಗಿಡ ಜೀವಂತ ಬರಬೇಕು. ಎರಡು, ಬಂದ ಮೇಲೆ ಮನೆಯೊಳಗೆ ಬದುಕಬೇಕು.

ಮೊದಲನೇದೇ ದೊಡ್ಡ ತಲೆನೋವು. ಹಡಗಿನ ಡೆಕ್ ಮೇಲೆ ಇಟ್ರೆ ಅಲೆಯ ಉಪ್ಪುನೀರು ಹಾರುತ್ತೆ. ಕೆಳಗಡೆ ಇಟ್ರೆ ಬೆಳಕಿಲ್ಲ. ಸಿಹಿನೀರು ಮನುಷ್ಯರಿಗೇ ಲೆಕ್ಕ ಹಾಕಿ ಕೊಡೋ ಕಾಲ, ಗಿಡಕ್ಕೆ ಯಾರು ಕೊಡ್ತಾರೆ? ಚೀನಾದಲ್ಲಿದ್ದ ಜಾನ್ ಲಿವಿಂಗ್‌ಸ್ಟನ್ ಅನ್ನೋ ವೈದ್ಯ 1819ರಲ್ಲಿ ಒಂದು ಅಂದಾಜು ಕೊಟ್ಟರು. ಚೀನಾದಿಂದ ಇಂಗ್ಲೆಂಡಿಗೆ ಒಂದು ಗಿಡ ಬದುಕಿ ಮುಟ್ಟಬೇಕಾದ್ರೆ ಸಾವಿರ ಗಿಡ ದಾರಿಯಲ್ಲಿ ಸಾಯ್ತಿದ್ದವಂತೆ.

ಭಾಗ 3/10
ಪತಂಗ ನೋಡೋಕೆ ಹೋಗಿ ಜರೀಗಿಡ ಸಿಕ್ತು

ಇದನ್ನ ಬದಲಾಯಿಸಿದ್ದು ಲಂಡನ್ನಿನ ಡಾಕ್ಟರ್ ಒಬ್ಬರು, ನಥಾನಿಯಲ್ ಬ್ಯಾಗ್‌ಷಾ ವಾರ್ಡ್. ಹುಟ್ಟಿದ್ದು 1791. ಹದಿಮೂರನೇ ವಯಸ್ಸಿನಲ್ಲಿ ಅವರನ್ನ ಜಮೈಕಾಗೆ ಕಳಿಸಿದ್ದರು. ಅಲ್ಲಿನ ತಾಳೆ ಮರ, ಜರೀಗಿಡ ನೋಡಿ ಹುಚ್ಚು ಹಿಡೀತು. ಆದ್ರೆ ಅವರು ಮುಂದೆ ಮನೆ ಮಾಡಿದ್ದು ಲಂಡನ್ನಿನ ಪೂರ್ವಭಾಗದಲ್ಲಿ, ಬಂದರಿನ ಹತ್ತಿರದ ವೆಲ್‌ಕ್ಲೋಸ್ ಸ್ಕ್ವೇರ್‌ನಲ್ಲಿ. ಸುತ್ತ ಕಾರ್ಖಾನೆ, ಆಕಾಶದ ತುಂಬ ಕಲ್ಲಿದ್ದಲ ಹೊಗೆ. ಹಿತ್ತಲಲ್ಲಿ ನೆಟ್ಟ ಜರೀಗಿಡಗಳು ಒಂದೊಂದಾಗಿ ಸತ್ತವು.

1829ರಲ್ಲಿ ಅವರು ಬೇರೇನೋ ಪ್ರಯೋಗ ಮಾಡ್ತಿದ್ರು. ಒಂದು ದೊಡ್ಡ ಪತಂಗದ ಗೂಡನ್ನ ಒದ್ದೆ ಮಣ್ಣಲ್ಲಿ ಹೂತು, ಗಾಜಿನ ಬಾಟಲಿಗೆ ಹಾಕಿ, ಮುಚ್ಚಳ ಹಾಕಿಟ್ಟರು. ಪತಂಗ ಹೊರಗೆ ಬರೋದನ್ನ ಕಾಯ್ತಾ ದಿನಾ ನೋಡ್ತಿದ್ದಾಗ ಮಣ್ಣಿನ ಮೇಲೆ ಏನೋ ಹಸಿರು. ಒಂದು ಹುಲ್ಲು, ಒಂದು ಜರೀಗಿಡ! ಹಿತ್ತಲಲ್ಲಿ ಎಷ್ಟು ಉಪಚಾರ ಮಾಡಿದ್ರೂ ಬದುಕದ ಗಿಡ, ಯಾರೂ ನೆಡದೆ, ನೀರು ಹಾಕದೆ, ಬಾಟಲಿಯೊಳಗೆ ತಾನಾಗೇ ಬೆಳೀತಿತ್ತು.

ವಾರ್ಡ್ ಆ ಬಾಟಲಿಯನ್ನ ಕಿಟಕಿಯ ಹೊರಗಿಟ್ಟರು. ಹೆಚ್ಚುಕಮ್ಮಿ ನಾಲ್ಕು ವರ್ಷ ಅದು ಹಾಗೇ ಬದುಕ್ತು. ಕೊನೆಗೆ ಸತ್ತಿದ್ದು ಯಾಕೆ ಗೊತ್ತಾ? ಅವರು ಊರಲ್ಲಿಲ್ಲದಾಗ ಮುಚ್ಚಳ ತುಕ್ಕು ಹಿಡಿದು ಮಳೆನೀರು ಒಳಗೆ ಹೋಯ್ತು. ಬಾಟಲಿ ಬಾಟಲಿಯಾಗಿ ಇರೋವರೆಗೂ ಗಿಡ ಚೆನ್ನಾಗೇ ಇತ್ತು.

ಭಾಗ 4/10
ಇದು ಹೇಗೆ ಕೆಲಸ ಮಾಡುತ್ತೆ? (ಮನೇಲಿ ಟ್ರೈ ಮಾಡಿ)

ಪಿಯುಸಿ ಬಯಾಲಜಿ ನೆನಪಿಸಿಕೊಳ್ಳಿ, ಬಾಷ್ಪವಿಸರ್ಜನೆ. ಬೇರು ಎಳೆದುಕೊಂಡ ನೀರನ್ನ ಎಲೆ ಆವಿಯಾಗಿ ಬಿಡುತ್ತೆ. ಬಾಟಲಿ ಮುಚ್ಚಿರೋದರಿಂದ ಆವಿ ಗಾಜಿಗೆ ತಾಗಿ ತಣ್ಣಗಾಗಿ, ಹನಿಯಾಗಿ, ಮಣ್ಣಿಗೇ ಇಳಿಯುತ್ತೆ. ಅದೇ ನೀರು ಮತ್ತೆ ಮತ್ತೆ. ಹಗಲು ದ್ಯುತಿಸಂಶ್ಲೇಷಣೆ, ರಾತ್ರಿ ಬರೀ ಉಸಿರಾಟ. ಹಾಗಾಗಿ ಒಳಗಿನ ಗಾಳಿಯೂ ಸುತ್ತುತ್ತಾ ಇರುತ್ತೆ. ಹೊರಗಿನ ಹೊಗೆ, ಉಪ್ಪು ಯಾವುದೂ ಒಳಗೆ ಬರಲ್ಲ. ಬೆಳಕು ಮಾತ್ರ ಬರುತ್ತೆ.

ಮಾಡೋ ವಿಧಾನ: ಮುಚ್ಚಳ ಇರೋ ಹಾರ್ಲಿಕ್ಸ್ ಬಾಟಲಿ ಅಥವಾ ಉಪ್ಪಿನಕಾಯಿ ಜಾಡಿ, ಗಾಜಿನದ್ದೇ ಆಗಬೇಕು. ತಳಕ್ಕೆ ಒಂದು ಇಂಚು ಜಲ್ಲಿ ಅಥವಾ ಇಟ್ಟಿಗೆ ಚೂರು. ಮೇಲೆ ಎರಡು ಇಂಚು ಸಡಿಲ ಮಣ್ಣು. ಮನೆ ಕಾಂಪೌಂಡ್ ಗೋಡೆಯ ಮೇಲಿನ ಪಾಚಿ, ಕೊಳಾಯಿ ಪಕ್ಕ ತಾನಾಗೇ ಹುಟ್ಟೋ ಪುಟ್ಟ ಜರೀಗಿಡ ಸಾಕು. ಮಣ್ಣು ಒದ್ದೆಯಾಗೋಷ್ಟು ನೀರು ಚಿಮುಕಿಸಿ ಮುಚ್ಚಿ. ನೇರ ಬಿಸಿಲಿಗೆ ಇಡಬೇಡಿ, ಒಳಗಿರೋದೆಲ್ಲ ಬೆಂದುಹೋಗುತ್ತೆ. ಗಾಜು ದಿನವಿಡೀ ಮಂಜು ಮಂಜಾಗೇ ಇದ್ರೆ ನೀರು ಜಾಸ್ತಿ ಅಂತ ಅರ್ಥ. ಕೆಲವು ಗಂಟೆ ಮುಚ್ಚಳ ತೆಗೆದಿಡಿ.

ಅಂಗಡಿಯಲ್ಲಿ ‘ಟೆರೇರಿಯಂ’ ಅಂತ ಸಾವಿರಾರು ರೂಪಾಯಿಗೆ ಮಾರೋದು ಇದನ್ನೇ.

ಭಾಗ 5/10
ಮಂಜು ಬಿದ್ದ ಡೆಕ್ ಮೇಲೆ ಹಸಿರು ಎಲೆ

ಬಾಟಲಿಯಲ್ಲಿ ಲಂಡನ್ ಹೊಗೆ ತಡೆಯೋದಾದ್ರೆ, ಸಮುದ್ರದ ಉಪ್ಪನ್ನೂ ತಡೀಬಹುದಲ್ಲ? ವಾರ್ಡ್ ಮರ ಮತ್ತು ಗಾಜಿನ ಬಿಗಿಯಾದ ಪೆಟ್ಟಿಗೆಗಳನ್ನ ಮಾಡಿಸಿದರು. ಗೆಳೆಯರಾದ ಲೋಡಿಜಸ್ ನರ್ಸರಿಯವರ ಸಹಾಯದಿಂದ 1833ರಲ್ಲಿ ಜರೀಗಿಡ ಮತ್ತು ಹುಲ್ಲು ತುಂಬಿದ ಎರಡು ಪೆಟ್ಟಿಗೆ ಆಸ್ಟ್ರೇಲಿಯಾದ ಸಿಡ್ನಿಗೆ ಹೊರಟವು. ತಿಂಗಳುಗಟ್ಟಲೆ ಪ್ರಯಾಣ. ಗಿಡಗಳು ಜೀವಂತ ಮುಟ್ಟಿದವು. ಹಡಗಿನ ಕ್ಯಾಪ್ಟನ್ ಚಾರ್ಲ್ಸ್ ಮಲ್ಲಾರ್ಡ್ ಖುಷಿಯಿಂದ ಕಾಗದ ಬರೆದು ತಿಳಿಸಿದರು.

ನಿಜವಾದ ಪರೀಕ್ಷೆ ವಾಪಸ್ ಬರೋವಾಗ. 1834ರಲ್ಲಿ ಅದೇ ಪೆಟ್ಟಿಗೆಗಳಿಗೆ ಆಸ್ಟ್ರೇಲಿಯಾದ ಗಿಡ ತುಂಬಿದರು. ಸಿಡ್ನಿಯ ಬೇಸಿಗೆಯಲ್ಲಿ ಹೊರಟ ಹಡಗು, ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್ ಸುತ್ತುವಾಗ ಡೆಕ್ ಮೇಲೆ ಹಿಮ ಬಿದ್ದಿತ್ತು. ಆಮೇಲೆ ಮತ್ತೆ ಭೂಮಧ್ಯರೇಖೆಯ ಸೆಕೆ. ಸುಮಾರು ಎಂಟು ತಿಂಗಳಾದ ಮೇಲೆ ಲಂಡನ್ನಿನಲ್ಲಿ ಪೆಟ್ಟಿಗೆ ನೋಡಿದ್ರೆ ಗಿಡಗಳು ಹಸಿರಾಗಿದ್ವು. ಬ್ರಿಟನ್ ಅಲ್ಲಿಯವರೆಗೆ ಜೀವಂತವಾಗಿ ನೋಡೇ ಇರದ ಒಂದು ಜರೀಗಿಡವೂ ಅದರಲ್ಲಿತ್ತು.

ಲೋಡಿಜಸ್ ಅವರ ಲೆಕ್ಕ ಕೇಳಿ. ಮೊದಲು ಇಪ್ಪತ್ತು ಗಿಡದಲ್ಲಿ ಹತ್ತೊಂಬತ್ತು ಸಾಯ್ತಿದ್ವು. ಈಗ ಇಪ್ಪತ್ತರಲ್ಲಿ ಹತ್ತೊಂಬತ್ತು ಬದುಕಿದವು. 1842ರಲ್ಲಿ ವಾರ್ಡ್ ಇದನ್ನೆಲ್ಲ ಪುಸ್ತಕ ಮಾಡಿದರು. ಆ ಪೆಟ್ಟಿಗೆಗೆ ‘ವಾರ್ಡಿಯನ್ ಕೇಸ್’ ಅಂತಲೇ ಹೆಸರಾಯ್ತು.

ಭಾಗ 6/10
ಡ್ರಾಯಿಂಗ್ ರೂಮಿಗೆ ಕಾಡು ಬಂತು, ಕಾಡಲ್ಲಿ ಖಾಲಿಯಾಯ್ತು

ಈಗ ಎರಡನೇ ಸಮಸ್ಯೆ, ಮನೆಯೊಳಗೆ ಬದುಕೋದು. ಆಗಿನ ಇಂಗ್ಲಿಷ್ ಮನೆಗಳಲ್ಲಿ ಕಲ್ಲಿದ್ದಲ ಒಲೆ, ಗ್ಯಾಸ್ ದೀಪ. ಆ ಹೊಗೆಗೆ ಸೂಕ್ಷ್ಮ ಗಿಡಗಳು ಉಳೀತಿರಲಿಲ್ಲ. ಅದಕ್ಕೆ ವಾರ್ಡ್ ಪೆಟ್ಟಿಗೆಯ ಚಂದದ ಮಾಡೆಲ್‌ಗಳು ಮನೆಗೆ ಬಂದವು. ಹೊರಗೆ ಚಳಿಗಾಲ, ಮೇಜಿನ ಮೇಲೆ ಮಾತ್ರ ವರ್ಷವಿಡೀ ವಸಂತ.

ಸರ್ಕಾರದ ನೀತಿಯೂ ದಾರಿ ಮಾಡಿಕೊಟ್ಟಿತು. ಬ್ರಿಟನ್‌ನಲ್ಲಿ ಗಾಜಿನ ಮೇಲಿನ ಸುಂಕ 1845ರಲ್ಲಿ ಹೋಯ್ತು. ಮನೆಗೆ ಎಷ್ಟು ಕಿಟಕಿ ಇದೆ ಅಂತ ಎಣಿಸಿ ಹಾಕ್ತಿದ್ದ ಕಿಟಕಿ ತೆರಿಗೆ 1851ರಲ್ಲಿ ರದ್ದಾಯ್ತು. ಗಾಜು ಅಗ್ಗ, ಬೆಳಕು ಫ್ರೀ. ಗಿಡಗಳು ಒಳಗೆ ಬಂದವು.

ಆಮೇಲೆ ಶುರುವಾಯ್ತು ಟ್ರೆಂಡ್. ಜರೀಗಿಡದ ಹುಚ್ಚು ಎಷ್ಟಿತ್ತು ಅಂದ್ರೆ 1855ರಲ್ಲಿ ಚಾರ್ಲ್ಸ್ ಕಿಂಗ್ಸ್‌ಲಿ ಅನ್ನೋ ಲೇಖಕ ಅದಕ್ಕೆ ‘ಟೆರಿಡೋಮೇನಿಯಾ’ ಅಂತ ಹೆಸರಿಟ್ಟರು. ಜರೀಗಿಡದ ಚಿತ್ರ ಪಿಂಗಾಣಿ ಮೇಲೆ, ಬಟ್ಟೆ ಮೇಲೆ, ಕುರ್ಚಿ ಮೇಲೆ. ಜನ ರಜೆಯಲ್ಲಿ ಬುಟ್ಟಿ, ಸಲಿಕೆ ಹಿಡಿದು ಕಾಡಿಗೆ ಹೋಗಿ ಕಿತ್ತು ತಂದರು. ವ್ಯಾಪಾರಿಗಳು ಮೂಟೆಗಟ್ಟಲೆ ಕಿತ್ತು ಮಾರಿದರು. ಕಿಲಾರ್ನಿ ಜರೀಗಿಡ ಅನ್ನೋ ಅಪರೂಪದ ಜಾತಿ ಬಹಳಷ್ಟು ಜಾಗಗಳಲ್ಲಿ ನಿರ್ನಾಮದ ಅಂಚಿಗೆ ಬಂತು.

ಗಿಡದ ಮೇಲಿನ ಪ್ರೀತಿಯೇ ಗಿಡವನ್ನ ಮುಗಿಸ್ತಾ ಬಂದಿತ್ತು. ಈ ಸಾಲು ನೆನಪಿಟ್ಟುಕೊಳ್ಳಿ, ಕೊನೇ ಭಾಗದಲ್ಲಿ ಬೇಕಾಗುತ್ತೆ.

ಭಾಗ 7/10
ಅದೇ ಪೆಟ್ಟಿಗೆ, ಸಾಮ್ರಾಜ್ಯದ ಕೈಯಲ್ಲಿ

ಇಲ್ಲಿವರೆಗೆ ಕ್ಯೂಟ್ ಆಗಿತ್ತು ಕಥೆ. ಆದ್ರೆ ಜೀವಂತ ಗಿಡವನ್ನ ಖಂಡದಿಂದ ಖಂಡಕ್ಕೆ ಸಾಗಿಸಬಹುದು ಅಂದ್ರೆ, ಒಂದು ದೇಶದ ಸಂಪತ್ತನ್ನೇ ಸಾಗಿಸಬಹುದು ಅಂತಾಯ್ತು.

ಟೀ: 1848ರಲ್ಲಿ ಈಸ್ಟ್ ಇಂಡಿಯಾ ಕಂಪನಿ ರಾಬರ್ಟ್ ಫಾರ್ಚೂನ್ ಅನ್ನೋರನ್ನ ಚೀನಾಗೆ ಕಳಿಸ್ತು. ಅವರು ಚೀನೀ ವೇಷ ಹಾಕಿಕೊಂಡು ಒಳನಾಡಿನ ಟೀ ತೋಟಗಳಿಗೆ ಹೋದರು. ಸುಮಾರು 20,000 ಟೀ ಗಿಡ ಗಾಜಿನ ಪೆಟ್ಟಿಗೆಗಳಲ್ಲಿ ಹಿಮಾಲಯದ ತಪ್ಪಲಿಗೆ ಬಂದವು. ಜೊತೆಗೆ ಟೀ ತಯಾರಿಸೋದು ಗೊತ್ತಿದ್ದ ಚೀನೀ ಕೆಲಸಗಾರರೂ ಬಂದರು. ಅಸ್ಸಾಂನಲ್ಲಿ ನಮ್ಮದೇ ಟೀ ಜಾತಿ ಇತ್ತು. ಆದ್ರೆ ಡಾರ್ಜಿಲಿಂಗ್ ತೋಟಗಳ ಬೇರು ಹೆಚ್ಚಾಗಿ ಚೀನಾದ್ದು.

ಸಿಂಕೋನಾ: ಮಲೇರಿಯಾಗೆ ಮದ್ದಾದ ಕ್ವಿನೈನ್ ಸಿಗೋದು ಈ ಮರದ ತೊಗಟೆಯಿಂದ. ಇದರ ತವರು ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟ. 1860ರ ದಶಕದಲ್ಲಿ ಬ್ರಿಟಿಷರು ಇದನ್ನ ನಮ್ಮ ಪಕ್ಕದ ನೀಲಗಿರಿಗೆ ತಂದು ತೋಟ ಮಾಡಿದರು. ಸೈನಿಕರು ಬದುಕಿದ್ರೆ ತಾನೇ ಸಾಮ್ರಾಜ್ಯ.

ರಬ್ಬರ್: 1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಬ್ರೆಜಿಲ್‌ನಿಂದ ಸುಮಾರು 70,000 ರಬ್ಬರ್ ಬೀಜಗಳನ್ನ ಲಂಡನ್ನಿನ ಕ್ಯೂ ಉದ್ಯಾನಕ್ಕೆ ತಂದರು. ಮೊಳೆತಿದ್ದು ಸ್ವಲ್ಪವೇ. ಅದರಲ್ಲಿ ಸುಮಾರು 1,900 ಸಸಿ 38 ವಾರ್ಡಿಯನ್ ಪೆಟ್ಟಿಗೆಗಳಲ್ಲಿ ಸಿಲೋನಿಗೆ ಹೋದವು. ಮುಂದೆ ಏಷ್ಯಾದ ತೋಟಗಳ ರಬ್ಬರ್ ಮಾರುಕಟ್ಟೆಗೆ ಬಂದಾಗ ಬ್ರೆಜಿಲ್‌ನ ರಬ್ಬರ್ ವೈಭವ ಕುಸಿದು ಬಿತ್ತು.

ಆ ಗಿಡಗಳನ್ನ ತಲೆಮಾರುಗಳಿಂದ ಅರಿತು ಬಳಸಿದವರು ಚೀನಾದ ರೈತರು, ಆಂಡಿಸ್‌ನ ಮತ್ತು ಅಮೆಜಾನ್‌ನ ಮೂಲನಿವಾಸಿಗಳು. ಲಾಭದಲ್ಲಿ ಅವರಿಗೆ ಪಾಲು ಬರಲಿಲ್ಲ. ಪೆಟ್ಟಿಗೆ ಮಾಡಿದ ಡಾಕ್ಟರ್ ಇದನ್ನೆಲ್ಲ ಯೋಚಿಸಿರಲಿಲ್ಲ ಅನ್ನಬಹುದು. ಬಳಸಿದವರು ಯೋಚಿಸಿಯೇ ಮಾಡಿದರು.

ಭಾಗ 8/10
ಬೆಂಗಳೂರಿನ ‘ಸೀಮೆ’ ಗಿಡಗಳು

ಈಗ ನಮ್ಮೂರಿಗೆ ಬರೋಣ. ಲಾಲ್‌ಬಾಗ್ ಶುರು ಮಾಡಿದ್ದು ಹೈದರ್ ಅಲಿ, 1760ರಲ್ಲಿ. ಟಿಪ್ಪು ಅದನ್ನ ಬೆಳೆಸಿದ. ದೂರದ ನಾಡುಗಳಿಂದ ಗಿಡ ತರಿಸೋ ಆಸೆ ಬ್ರಿಟಿಷರಿಗಿಂತ ಮುಂಚೆಯೇ ಇಲ್ಲಿತ್ತು.

1874ರಿಂದ ಲಾಲ್‌ಬಾಗ್ ನೋಡಿಕೊಂಡವರು ಜಾನ್ ಕ್ಯಾಮರಾನ್. ಅವರ ಕಾಲದಲ್ಲೇ ಗಾಜಿನ ಮನೆ ಎದ್ದಿತು. ಶಂಕುಸ್ಥಾಪನೆ 1889ರ ನವೆಂಬರ್ 30ರಂದು. ಮಾದರಿ ಲಂಡನ್ನಿನ 1851ರ ಕ್ರಿಸ್ಟಲ್ ಪ್ಯಾಲೇಸ್, ಕಬ್ಬಿಣದ ಭಾಗಗಳು ಬಂದಿದ್ದು ಗ್ಲಾಸ್ಗೋದಿಂದ. ಫ್ಲವರ್ ಶೋಗೆ ಹೋಗಿ ನಾವೆಲ್ಲ ಸೆಲ್ಫಿ ತಗೊಳ್ಳೋ ಜಾಗ ಒಂಥರಾ ದೈತ್ಯ ವಾರ್ಡ್ ಪೆಟ್ಟಿಗೆ. ಒಂದೇ ವ್ಯತ್ಯಾಸ, ಇದರಲ್ಲಿ ಗಾಳಿ ಆಡುತ್ತೆ.

ಇದೇ ಕ್ಯಾಮರಾನ್ ಕಾಲದಲ್ಲಿ ಲಾಲ್‌ಬಾಗ್ ಮೂಲಕ ಹರಡಿದ ಒಂದು ತರಕಾರಿ ನಿಮ್ಮ ಮನೆ ಸಾಂಬಾರಲ್ಲೇ ಇದೆ, ಸೀಮೆಬದನೆಕಾಯಿ. ತವರು ಮೆಕ್ಸಿಕೊ ಕಡೆ. ತಮಿಳರು ಇವತ್ತಿಗೂ ಅದನ್ನ ‘ಬೆಂಗಳೂರು ಕತ್ತರಿಕಾಯಿ’ ಅಂತಾರೆ. ನಾವು ‘ಸೀಮೆ’ದು ಅಂತೀವಿ, ಪಕ್ಕದವರು ‘ಬೆಂಗಳೂರಿಂದು’ ಅಂತಾರೆ! ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹುಣಸೆ. ಆ ಒಂದು ಪದದಲ್ಲಿ ‘ಇದು ಹೊರಗಿಂದ ಬಂದಿದ್ದು’ ಅಂತ ನಮ್ಮ ಹಿರಿಯರು ಲೇಬಲ್ ಅಂಟಿಸಿಟ್ಟಿದ್ದಾರೆ.

1908ರಲ್ಲಿ ಬಂದ ಜರ್ಮನ್ ತೋಟಗಾರ ಕ್ರುಂಬಿಗಲ್, ಬೆಂಗಳೂರಿನ ಒಂದಲ್ಲ ಒಂದು ಬೀದಿಯಲ್ಲಿ ಯಾವಾಗಲೂ ಹೂ ಇರಬೇಕು ಅನ್ನೋ ಲೆಕ್ಕದಲ್ಲಿ ಮರಗಳನ್ನ ಆರಿಸಿದವರು. ನಾವು ವಸಂತ ಬಂತು ಅಂತ ರೀಲ್ಸ್ ಹಾಕೋ ಗುಲಾಬಿ ಬಣ್ಣದ ಟಬೂಬಿಯಾ ಕೂಡ ಅಮೆರಿಕ ಖಂಡದ ಮರವೇ. ನಮ್ಮ ವಸಂತದ ಫೋಟೋ ಕೂಡ ಅರ್ಧ ಸೀಮೆಯದ್ದು.

ಭಾಗ 9/10
ಕುಂಡ ದಾಟಿ ಹೊರಟ ಗಿಡಗಳು, ಮತ್ತು ಒಂದು ಸುಳ್ಳು

ಬಂದ ಗಿಡಗಳೆಲ್ಲ ಸೀಮೆಬದನೆ ಥರ ಸುಮ್ಮನೆ ಚಪ್ಪರದ ಮೇಲೆ ಕೂರಲಿಲ್ಲ. ಲಂಟಾನ ವಾರ್ಡ್ ಪೆಟ್ಟಿಗೆಗಿಂತ ಮುಂಚೆಯೇ, 19ನೇ ಶತಮಾನದ ಶುರುವಿನಲ್ಲಿ, ಚಂದದ ಹೂಗಿಡ ಅಂತ ಕಲ್ಕತ್ತೆಗೆ ಬಂತು. ಇವತ್ತು ಬಂಡೀಪುರದಲ್ಲಿ, ಬಿಳಿಗಿರಿರಂಗನ ಬೆಟ್ಟದಲ್ಲಿ ನೆಲ ಕಾಣದಷ್ಟು ಹಬ್ಬಿದೆ. ಹುಲ್ಲು ಬೆಳೆಯಲ್ಲ, ಕಾಡುಪ್ರಾಣಿಗೆ ಮೇವಿಲ್ಲ. ಮಲೆ ಮಹದೇಶ್ವರ ಬೆಟ್ಟದ ಕಡೆ ಸೋಲಿಗರು ಅದರ ಕಡ್ಡಿಯಿಂದ ಕುರ್ಚಿ, ಬುಟ್ಟಿ ಮಾಡಿ ಬದುಕಿಗೊಂದು ದಾರಿ ಮಾಡಿಕೊಂಡಿದ್ದಾರೆ. ನಮ್ಮ ಕೆರೆಗಳನ್ನ ಮುಚ್ಚಿರೋ ನೀಲಿ ಹೂವಿನ ವಾಟರ್ ಹಯಸಿಂತ್ ಕೂಡ ಅಂದಕ್ಕೆ ಅಂತ ತಂದಿದ್ದೇ. ನಮ್ಮ ಪಾಪದ ಮನಿ ಪ್ಲಾಂಟ್? ಶ್ರೀಲಂಕಾದಲ್ಲಿ, ಹವಾಯಿಯಲ್ಲಿ ಕಾಡು ಸೇರಿ ಮರಗಳ ಮೇಲೆ ಹಬ್ಬಿ ಕಾಟ ಕೊಡ್ತಿದೆ.

ಗಾಜಿನ ಪೆಟ್ಟಿಗೆಯ ಮಣ್ಣಿನ ಜೊತೆ ಹುಳ, ಶಿಲೀಂಧ್ರ ಕೂಡ ಟಿಕೆಟ್ ಇಲ್ಲದೆ ಪ್ರಯಾಣ ಮಾಡಿದವು. ದೇಶಗಳು ಒಂದೊಂದಾಗಿ ಕಾನೂನು ತಂದವು. ನಮ್ಮಲ್ಲಿ ಅಂಥ ಕಾಯ್ದೆ ಬಂದಿದ್ದು 1914ರಲ್ಲಿ. ಮುಂದೆ ಪ್ಲಾಸ್ಟಿಕ್, ವಿಮಾನ ಬಂದ ಮೇಲೆ ಪೆಟ್ಟಿಗೆಗೆ ಕೆಲಸ ಇಲ್ಲದಾಯ್ತು.

ಈಗ ಆ ಸುಳ್ಳು. ‘ಇಂಡೋರ್ ಗಿಡ ಮನೆ ಗಾಳಿಯನ್ನ ಶುದ್ಧ ಮಾಡುತ್ತೆ, ನಾಸಾ ಹೇಳಿದೆ’ ಅಂತ ಎಲ್ಲ ನರ್ಸರಿ ಬೋರ್ಡಿನಲ್ಲೂ ಇದೆ. ನಾಸಾ ವರದಿ 1989ರದ್ದು, ನಿಜ. ಆದ್ರೆ ಆ ಪ್ರಯೋಗ ನಡೆದಿದ್ದು ಗಾಳಿ ಆಡದ ಮುಚ್ಚಿದ ಪೆಟ್ಟಿಗೆಯಲ್ಲಿ, ಬಾಹ್ಯಾಕಾಶ ನೌಕೆಯ ಸಲುವಾಗಿ. ನಮ್ಮ ಮನೆಗೆ ಕಿಟಕಿ ಇದೆಯಲ್ಲ! 2019ರಲ್ಲಿ ಇಂಥ ಪ್ರಯೋಗಗಳನ್ನೆಲ್ಲ ಒಟ್ಟು ಹಾಕಿ ಲೆಕ್ಕ ಮಾಡಿದವರು ಹೇಳಿದ್ದು: ಕಟ್ಟಡದೊಳಗೆ ಮಾಮೂಲಾಗಿ ಗಾಳಿ ಆಡೋದರಿಂದ ಆಗೋ ಕೆಲಸವನ್ನ ಗಿಡಗಳೇ ಮಾಡಬೇಕಾದ್ರೆ, ಪ್ರತಿ ಚದರ ಮೀಟರ್‌ಗೆ 10ರಿಂದ 1,000 ಗಿಡ ಬೇಕು. ಮಲಗೋಕೆ ಜಾಗ ಇರಲ್ಲ. ಗಿಡ ಇಡಿ, ಕಿಟಕಿನೂ ತೆಗೀರಿ.

ಭಾಗ 10/10
ಈ ವಸಂತದಲ್ಲಿ ಏನು ಮಾಡೋಣ?

ಆರನೇ ಭಾಗದ ಸಾಲು ನೆನಪಿದೆಯಾ? ಪ್ರೀತಿಯೇ ಗಿಡವನ್ನ ಮುಗಿಸೋದು. ಅದು ಹಳೇ ಕಥೆ ಅಲ್ಲ. ದಕ್ಷಿಣ ಆಫ್ರಿಕಾದಲ್ಲಿ ಕೋನೋಫೈಟಮ್ ಅನ್ನೋ ಗುಂಡಿಯಷ್ಟು ಪುಟ್ಟ ಸಕ್ಯುಲೆಂಟ್‌ಗಳನ್ನ 2019ರಿಂದೀಚೆಗೆ ಕಳ್ಳರು ಲಕ್ಷಗಟ್ಟಲೆ ಕಿತ್ತಿದ್ದಾರೆ. ಬೇಡಿಕೆ ಬಂದಿದ್ದು ನಾವೀಗ ಕೂತಿರೋ ಇಂಥದ್ದೇ ಆ್ಯಪ್‌ಗಳಿಂದ. ನಮ್ಮ ಮಲೆನಾಡಲ್ಲಿ ಮರದ ಕೊಂಬೆಗೆ ಜೋತುಬೀಳೋ ಸೀತಾಳೆ ದಂಡೆಯನ್ನ ಟ್ರಿಪ್ ಹೋದಾಗ ಕಿತ್ತು ತರೋದೂ ಅದೇ ಸಾಲಿಗೆ ಸೇರುತ್ತೆ. ಊರಿಗೆ ತಂದ ಮೇಲೆ ಅದು ಬದುಕೋದೂ ಅನುಮಾನ.

ಹಾಗಂತ ಗಿಡ ಬೇಡ ಅಂತಲ್ಲ. ಗಿಡದ ಊರು ಕೇಳಿ. ಅದರಿಂದ ಎರಡು ಲಾಭ.

ಒಂದು, ಸಾಕೋದು ಸುಲಭ ಆಗುತ್ತೆ. ಜೀಜೀ ಗಿಡ ಮಳೆ ನಿಂತು ಬಹಳ ದಿನ ಒಣಗಿರೋ ನಾಡಿನದ್ದು, ಅದಕ್ಕೇ ಮಣ್ಣೊಳಗಿನ ಗೆಡ್ಡೆಯಲ್ಲಿ ನೀರು ಕೂಡಿಟ್ಟಿರುತ್ತೆ. ದಿನಾ ನೀರು ಹಾಕಿದ್ರೆ ಕೊಳೆಯುತ್ತೆ. ಮನಿ ಪ್ಲಾಂಟ್ ತವರಲ್ಲಿ ದೊಡ್ಡ ಮರ ಹತ್ತೋ ಬಳ್ಳಿ. ತೆಂಗಿನ ನಾರು ಸುತ್ತಿದ ಕೋಲು ಕೊಟ್ಟು ಹತ್ತಿಸಿ, ಎಲೆ ದೊಡ್ಡದಾಗುತ್ತೆ. ಜರೀಗಿಡಕ್ಕೆ ಹಸಿ ಗಾಳಿ ಬೇಕು, ಬಚ್ಚಲುಮನೆ ಕಿಟಕಿ ಅದಕ್ಕೆ ಸ್ವರ್ಗ.

ಎರಡು, ಎಲ್ಲಿಂದ ತಂದಿದ್ದು ಅಂತ ಮಾರೋರನ್ನ ಕೇಳೋ ಅಭ್ಯಾಸ ಬರುತ್ತೆ. ನರ್ಸರಿಯಲ್ಲಿ ಬೆಳೆದಿದ್ದೋ, ಕಾಡಿಂದ ಕಿತ್ತಿದ್ದೋ?

ಹಿತ್ತಲ ಗಿಡ ಮದ್ದಲ್ಲ ಅಂತ ಗಾದೆ ಇದೆಯಲ್ಲ, ಹಾಗೆ ನಮ್ಮದೇ ಒಂದು ಗಿಡವನ್ನ ನಾವು ಫಾರಿನ್ ಅಂದುಕೊಂಡಿದ್ದೀವಿ. ದಪ್ಪ ಹೊಳೆಯೋ ಎಲೆಯ ‘ರಬ್ಬರ್ ಪ್ಲಾಂಟ್’ ನಮ್ಮ ಈಶಾನ್ಯ ಭಾರತದ ಅತ್ತಿ ಜಾತಿಯ ಮರ. ವಿಕ್‌ಹ್ಯಾಮ್ ತಂದ ರಬ್ಬರ್ ಬೇರೆ, ಇದು ಬೇರೆ. ಮೇಘಾಲಯದಲ್ಲಿ ಖಾಸಿ ಜನ ಇದರ ಜೀವಂತ ಬೇರುಗಳನ್ನ ಹೆಣೆದು ಹಳ್ಳಗಳ ಮೇಲೆ ಸೇತುವೆ ಮಾಡ್ತಾರೆ. ಒಬ್ಬರು ಶುರು ಮಾಡಿದ ಸೇತುವೆ ಮುಂದಿನ ತಲೆಮಾರಿಗೆ ದಾರಿಯಾಗುತ್ತೆ.

ಇನ್ನು ದುಡ್ಡು ಖರ್ಚಿಲ್ಲದ ದಾರಿ. ಮನಿ ಪ್ಲಾಂಟ್ ಹೂ ಬಿಡೋದೇ ಅಪರೂಪ. ಹಾಗಾಗಿ ಅದು ಇಷ್ಟು ಮನೆ ಸೇರಿದ್ದು ಬೀಜದಿಂದಲ್ಲ, ಕಡ್ಡಿಯಿಂದ. ಮಾರ್ಚ್, ಏಪ್ರಿಲ್‌ನ ಬೆಳಕಿಗೆ ಕಡ್ಡಿ ಬೇಗ ಬೇರು ಬಿಡುತ್ತೆ. ಗಿಣ್ಣಿನ ಕೆಳಗೆ ಕತ್ತರಿಸಿ, ಗಿಣ್ಣು ಮುಳುಗೋ ಹಾಗೆ ನೀರಲ್ಲಿಡಿ. ಎರಡು ಮೂರು ದಿನಕ್ಕೊಮ್ಮೆ ನೀರು ಬದಲಾಯಿಸಿ. ಕೆಲವೇ ವಾರದಲ್ಲಿ ಬಿಳಿ ಬೇರು ಕಾಣುತ್ತೆ. ಸ್ಪೈಡರ್ ಪ್ಲಾಂಟ್ ಮರಿಗಳನ್ನಂತೂ ತಾನೇ ನೇತುಹಾಕಿಕೊಂಡಿರುತ್ತೆ, ಕತ್ತರಿಸಿ ನೆಟ್ರೆ ಆಯ್ತು. ಜಾಸ್ತಿಯಾದ ಕಡ್ಡಿಯನ್ನ ಮಾತ್ರ ಕೆರೆ ಪಕ್ಕ, ಖಾಲಿ ಸೈಟಿಗೆ ಎಸೀಬೇಡಿ, ಲಂಟಾನ ನೆನಪಿರಲಿ. ಕ್ಲಾಸಿಗೆ ತನ್ನಿ, ಬೆಂಚಲ್ಲಿ ಹಂಚೋಣ.

ಕಾಮೆಂಟಲ್ಲಿ ನಿಮ್ಮ ಮನೆಯ ಒಂದು ಗಿಡದ ಹೆಸರು, ಅದರ ಊರು ಮತ್ತು ಅದನ್ನ ನಿಮಗೆ ಕೊಟ್ಟವರು ಯಾರು ಅಂತ ಬರೀರಿ. ಅಜ್ಜಿ ಕೊಟ್ಟಿದ್ದಾದ್ರೆ ಅಜ್ಜಿಗೆ ಯಾರು ಕೊಟ್ಟರು ಅಂತ ಕೇಳಿ ಬರೀರಿ.

#ಕಿಟಕಿಪಕ್ಕದಇತಿಹಾಸ #ಯುಗಾದಿ #ಕೈತೋಟ #ಲಾಲ್‌ಬಾಗ್ #ಗಿಡದಊರುಯಾವುದು